ಚಿನ್ನ ಮಾರಿ ಕೊಂಡ ಮನೆ ಯಾರ ಹೆಸರಿಗೆ?

"ಆಪಾ, ಹನ್ನೊಂದು ವರ್ಷ ಕಟ್ಟಿದ ಬಾಡಿಗೆ ಕೂಡಿಸಿದ್ರೆ ಒಂದು ಸೈಟೇ ಬರ್ತಿತ್ತು" ಎಂದಳು ಹುಣಸೂರಿನಲ್ಲಿರುವ ನನ್ನ ಖಾಲಾ ಮಗಳು. ಅವಳ ಗಂಡ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಸೈಟು ನೋಡಿ ಬಂದಿದ್ದರು. ಅವಳ ಮೆಹರ್‌ನ ಚಿನ್ನ, ತವರಿನವರು ಹಾಕಿದ ಬಳೆ ಮಾರುವುದು, ಸಾಲದೆ ಬಂದದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟುವುದು ಎಂದು ಮಾತಾಗಿತ್ತು.

ಬಾಡಿಗೆ ಹಣ ನೀರಲ್ಲಿ ಹೋಮವೆಂದು ನಾವೆಲ್ಲ ಹೇಳುತ್ತೇವೆ. ಸಾಲದ ಲೆಕ್ಕವನ್ನೂ ಒಮ್ಮೆ ನೋಡಿ. 10 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಂತೆ 20 ವರ್ಷ ಕಟ್ಟಿದರೆ ತಿಂಗಳ ಕಂತು ಸುಮಾರು 9,000 ರೂಪಾಯಿ. ಕೊನೆಗೆ ಕಟ್ಟಿದ್ದು 21 ಲಕ್ಷಕ್ಕೂ ಹೆಚ್ಚು. ಅವಳ ಬಾಡಿಗೆ 6,000. ಬಡ್ಡಿಯ ವಿಷಯದಲ್ಲಿ ಮನಸ್ಸಿಗಾಗುವ ಅಳುಕು ಬೇರೆ. ಅವಳ ಗಂಡನದು ಗ್ಯಾರೇಜು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ತಂಬಾಕು ಹರಾಜಿನ ತಿಂಗಳುಗಳಲ್ಲಿ, ಕೆ.ಆರ್. ನಗರದಲ್ಲಿ ಭತ್ತ ಮಾರಿದ ಮೇಲೆ ಕೈಯಲ್ಲಿ ಹಣ ಓಡಾಡುತ್ತದೆ. ಆಮೇಲೆ ಅಂಗಡಿಯವರೆಲ್ಲ ಸಾಲದ ಪುಸ್ತಕ ತೆರೆಯುತ್ತಾರೆ. ಬ್ಯಾಂಕಿನ ಕಂತಿಗೆ ಮಾತ್ರ ಸುಗ್ಗಿಯೂ ಇಲ್ಲ, ಮಳೆಗಾಲವೂ ಇಲ್ಲ.

ಹಾಗಾದರೆ ಭೋಗ್ಯ? ನಮ್ಮ ಕಡೆ ಬಹಳ ಮಂದಿ ಅದನ್ನೇ ಹಿಡಿದಿದ್ದಾರೆ. ಆದರೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು ಸಾಲದ ಮೇಲೆ ಲಾಭ ಪಡೆದಂತೆ ಎಂದು ಅನೇಕ ಉಲಮಾಗಳು ಒಪ್ಪುವುದಿಲ್ಲ. ಬರೀ ಛಾಪಾ ಕಾಗದ ನಂಬಿ, ಅವಧಿ ಮುಗಿದರೂ ಹಣ ವಾಪಸು ಸಿಗದೆ ಅದೇ ಮನೆಯಲ್ಲಿ ಕುಳಿತವರನ್ನು ನಾನೇ ಕಂಡಿದ್ದೇನೆ.

ಇಷ್ಟು ಹೇಳಿ, ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: "ಸೈಟು ಯಾರ ಹೆಸರಿಗೆ?"

"ಇನ್ಯಾರ ಹೆಸರಿಗೆ? ನಮ್ಮೆಜಮಾನ್ರ ಹೆಸರಿಗೆ."

ಪಿರಿಯಾಪಟ್ಟಣದ ಒಬ್ಬ ಸಹೋದರಿಯ ಕಥೆ ಅವಳಿಗೆ ಹೇಳಿದೆ. ಮೈಮೇಲಿನ ಚಿನ್ನವೆಲ್ಲ ಇಟ್ಟಿಗೆ, ಸಿಮೆಂಟಾಯಿತು. ಪತ್ರ ಗಂಡನ ಹೆಸರಿಗಾಯಿತು. ಇಬ್ಬರೂ ಹೆಣ್ಣುಮಕ್ಕಳು, ಅತ್ತೆ ಮಾವ ಇರಲಿಲ್ಲ. ಗಂಡ ತೀರಿಕೊಂಡಾಗ ಶರೀಅತ್ ಪ್ರಕಾರ ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಅವಳಿಗೆ ಎಂಟರಲ್ಲಿ ಒಂದು, ಉಳಿದದ್ದು ಮೃತರ ಅಣ್ಣತಮ್ಮಂದಿರಿಗೆ. ಪಾಲಿನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಅದಕ್ಕಿಂತ ಮೊದಲು. ಮೆಹರ್ ಹೆಣ್ಣಿನ ಸ್ವಂತ ಸೊತ್ತು, ಅದು ಪಾಲಿಗೆ ಬರುವುದೇ ಇಲ್ಲ. ಅವಳು ಗಂಡನಿಗೆ ಕೊಟ್ಟದ್ದು ಸಾಲವೋ, ಕೊಡುಗೆಯೋ, ಮನೆಯಲ್ಲಿ ಪಾಲಿಗೋ ಎಂದು ಯಾರೂ ಬರೆದಿಟ್ಟಿರಲಿಲ್ಲ. ಮೈದುನಂದಿರು ಒಳ್ಳೆಯವರಾದ್ದರಿಂದ ಮನೆ ಉಳಿಯಿತು. ಎಲ್ಲರ ಮೈದುನಂದಿರೂ ಹಾಗಿರುತ್ತಾರೆಯೇ?

ಗಂಡನ ಮೇಲೆ ಅನುಮಾನ ಪಡಿ ಎನ್ನುತ್ತಿಲ್ಲ. ಸಾಲ ಕೊಟ್ಟರೆ ಬರೆದಿಡಿ ಎಂದು ಕುರ್‌ಆನ್ ಹೇಳಿರುವುದು ಪರಸ್ಪರ ನಂಬುವವರಿಗೇ ಅಲ್ಲವೇ? ಅವಳ ಚಿನ್ನ ಎಷ್ಟೋ ಅಷ್ಟು ಪಾಲು ಕ್ರಯಪತ್ರದಲ್ಲಿ ಅವಳ ಹೆಸರಿಗೆ ಬರಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲೂ ಮನೆ ಹೆಂಗಸಿನ ಹೆಸರಿಗೆ ಅಥವಾ ಜಂಟಿಯಾಗಿ ಇರಬೇಕೆಂಬ ನಿಯಮವಿದೆ.

ಇನ್ನು ಸೈಟಿನ ಕಾಗದಪತ್ರ. ಕೃಷಿ ಜಮೀನು ಭೂಪರಿವರ್ತನೆ ಆಗಿದೆಯೇ, ಪುರಸಭೆ ನಗರಸಭೆಯ ಇ-ಖಾತೆ ಇದೆಯೇ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9, 11 ಇವೆಯೇ, ಇ.ಸಿ.ಯಲ್ಲಿ ಹಳೆಯ ಸಾಲವಿಲ್ಲವೇ ಎಂದು ಮುಂಗಡ ಕೊಡುವ ಮೊದಲೇ ನೋಡಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ.

ಎಚ್.ಡಿ. ಕೋಟೆಗೆ ವರ್ಗವಾಗಿ ಬಂದ ಶಿಕ್ಷಕಿಗೆ ನಾನು ಬಾಡಿಗೆ ಮನೆಯೇ ಸಾಕೆನ್ನುತ್ತೇನೆ. ಅದೇ ಊರಲ್ಲಿ ಅಂಗಡಿ, ಮಕ್ಕಳ ಶಾಲೆ ಇರುವವರಿಗೆ, ಸಾಲ ಚಿಕ್ಕದಾಗಿದ್ದರೆ, ಸ್ವಂತ ಮನೆ ಈಗಲೂ ಒಳ್ಳೆಯದೇ. ಮಾಲೀಕ ಬಿಡು ಎಂದಾಗ ಪಾತ್ರೆ ಸಾಮಾನು ಹೊತ್ತು, ಮುಸ್ಲಿಮರೆಂದರೆ ಬಾಗಿಲಲ್ಲೇ ಬೇಡವೆನ್ನುವ ಮನೆಗಳನ್ನು ಹುಡುಕಿ ಅಲೆಯುವ ಕಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಮೊನ್ನೆ ಅವಳು ಫೋನ್ ಮಾಡಿದ್ದಳು. ಆ ಸೈಟಿಗೆ ಭೂಪರಿವರ್ತನೆ ಆಗಿರಲಿಲ್ಲವಂತೆ, ಬಿಟ್ಟರಂತೆ. ಚಿನ್ನ ಬೀರುವಿನಲ್ಲೇ ಇದೆ. "ಮುಂದಿನ ಸೈಟಿಗೆ ಇಬ್ಬರ ಹೆಸರು ಹಾಕಿಸೋಣ ಅಂದ್ರು ಆಪಾ, ನಾನು ಕೇಳೋ ಮೊದಲೇ" ಎಂದಳು.