ಕೈಯಾರೆ ಕಟ್ಟುವ ಬಂಡಿ



ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ವಿರಾಮದ ವೇಳೆಯಲ್ಲಿ ನಮ್ಮೆದುರಿಗೆ ಒಂದು ಚಿತ್ರವನ್ನು ಹಿಡಿದು, "ಸರ್, ಈ ಗಾಡಿಯನ್ನು ಮನೆಯಲ್ಲಿಯೇ ಕಟ್ಟಬಹುದಂತೆ, ನಿಜವೇ?" ಎಂದು ಕೇಳಿದನು. ಬಾಗಿಲಿಲ್ಲದ, ಮಾಡಿಲ್ಲದ, ಕೆಂಪು ಬಣ್ಣದ ಒಂದು ಪುಟ್ಟ ಬಂಡಿಯು ಮರಳದಿಬ್ಬದ ಮೇಲಿನಿಂದ ನೆಗೆಯುತ್ತಿರುವ ಚಿತ್ರವದು. ಪರೀಕ್ಷೆಗಳು ಸಮೀಪಿಸಿದ್ದುವು. "ಅದೆಲ್ಲ ಹಣವಿದ್ದವರ ಆಟ, ನೀನು ಮೊದಲು ಸಮಾಸಗಳನ್ನು ಬಾಯಿಪಾಠ ಮಾಡು" ಎಂದು ಹೇಳಿ ಅವನನ್ನು ಕಳುಹಿಸಿಬಿಟ್ಟೆವು. ಆಮೇಲೆ ಆ ಬಂಡಿಯ ವೃತ್ತಾಂತವನ್ನು ಓದಿ ನೋಡಲಾಗಿ ನಾವು ಕೊಟ್ಟ ಉತ್ತರವು ತಪ್ಪೆಂದು ತಿಳಿಯಿತು. ಅವನಿಗೆ ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇವೆ.

ಆ ಬಂಡಿಯ ಹೆಸರು ಮೇಯರ್ಸ್ ಮ್ಯಾಂಕ್ಸ್. ಮ್ಯಾಂಕ್ಸ್ ಎಂಬುದು ಐಲ್ ಆಫ್ ಮ್ಯಾನ್ ದ್ವೀಪದ ಬಾಲವಿಲ್ಲದ ಬೆಕ್ಕಿನ ಹೆಸರು. ಬಂಡಿಯ ಹಿಂಭಾಗವೂ ಹಾಗೆಯೇ ಮೊಟಕಾಗಿರುವುದಷ್ಟೆ. ಇದನ್ನು ಕಲ್ಪಿಸಿದವನು ಅಮೆರಿಕದ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್. 1926ರಲ್ಲಿ ಹುಟ್ಟಿದ ಈತನು ಮೋಟಾರು ಕಾರ್ಖಾನೆಯ ಒಡೆಯನಾಗಿರಲಿಲ್ಲ. ಕಡಲ ಅಲೆಗಳ ಮೇಲೆ ಹಲಗೆಯಲ್ಲಿ ಆಡುವವನು, ದೋಣಿ ಕಟ್ಟುವವನು. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ರಾಳವನ್ನು ಬಳಿದು, ಪದರದ ಮೇಲೆ ಪದರವಿಟ್ಟು ಒಣಗಿಸಿದರೆ ಹಗುರವೂ ಗಟ್ಟಿಯೂ ಆದ ಚಿಪ್ಪು ದೊರೆಯುತ್ತದೆ. ಮಲ್ಪೆ, ಗಂಗೊಳ್ಳಿಗಳ ಕಡಲತಡಿಯಿಂದ ಬಂದ ಮನೆಗಳವರು ಅಂತಹ ಫೈಬರ್ ದೋಣಿಗಳನ್ನು ಊರಿಗೆ ಹೋದಾಗ ಕಂಡೇ ಇರುವಿರಿ. ದೋಣಿಯಲ್ಲಿ ಕಲಿತ ಈ ಕೈಕೆಲಸವನ್ನೇ ಮೇಯರ್ಸನು ಬಂಡಿಗೆ ತಂದನು. 1964ರಲ್ಲಿ ಅವನ ಮೊದಲನೆಯ ಬಂಡಿ ಸಿದ್ಧವಾಯಿತು. 'ಓಲ್ಡ್ ರೆಡ್' ಎಂದು ಅದಕ್ಕೆ ಹೆಸರು.

ಮೊದಲ ಹನ್ನೆರಡು ಬಂಡಿಗಳಲ್ಲಿ ಚಿಪ್ಪೇ ಅಡಿಗಟ್ಟೂ ಆಗಿದ್ದಿತು. ಮಾಡಲು ವೆಚ್ಚ ಹೆಚ್ಚು. ಆದುದರಿಂದ ಮೇಯರ್ಸನು ಉಪಾಯವನ್ನು ಬದಲಿಸಿದನು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳು ಆಗ ಅಮೆರಿಕದಲ್ಲಿ ಹೇರಳವಾಗಿದ್ದುವು. ಬೀಟಲಿನ ಮೈ ತುಕ್ಕು ಹಿಡಿದು ಹಾಳಾದರೂ ಅದರ ಅಡಿಗಟ್ಟು, ಎಂಜಿನ್, ಗೇರುಗಳು ಉಪಯೋಗಕ್ಕೆ ಬರುವಂತಿರುತ್ತಿದ್ದುವು. ಮೈಯನ್ನು ಅಡಿಗಟ್ಟಿಗೆ ಬೋಲ್ಟುಗಳಿಂದ ಬಿಗಿದಿರುವುದರಿಂದ ಬಿಚ್ಚಿ ಎತ್ತಿಡಬಹುದು. ಅದರ ಎಂಜಿನ್ ಇರುವುದು ಹಿಂದೆ. ಚಕ್ರಗಳನ್ನು ತಿರುಗಿಸುವುದೂ ಹಿಂದಿನಿಂದಲೇ. ಭಾರದ ಹೆಚ್ಚಿನ ಪಾಲು ತಿರುಗುವ ಚಕ್ರಗಳ ಮೇಲೆ ಬೀಳುವುದರಿಂದ ಅವು ಮರಳನ್ನು ಕಚ್ಚಿ ಹಿಡಿಯುತ್ತವೆ. ಹಗುರವಾದ ಮುಂಭಾಗವು ಹೂಳದೆ ತೇಲಿದಂತೆ ಹೋಗುತ್ತದೆ. ಎಂಜಿನ್ನನ್ನು ಗಾಳಿಯೇ ತಣಿಸುವುದರಿಂದ ನೀರಿನ ರೇಡಿಯೇಟರ್ ಎಂಬುದೇ ಇಲ್ಲ. ನಾಲ್ಕು ಚಕ್ರಗಳಿಗೂ ಶಕ್ತಿಯನ್ನು ಹಂಚುವ ದುಬಾರಿ ಯಂತ್ರವಿಲ್ಲದೆಯೇ ಮರುಭೂಮಿಯನ್ನು ದಾಟುವ ಬಂಡಿಯು ಹೀಗೆ ಸಾಧ್ಯವಾಯಿತು.

ಇನ್ನು ಕಟ್ಟುವವನ ಕೆಲಸವನ್ನು ನೋಡೋಣ. ಅವನಿಗೆ ಪೆಟ್ಟಿಗೆಯಲ್ಲಿ ಬರುವುದು ಚಿಪ್ಪು ಮತ್ತು ಕೆಲವು ಬಿಡಿಭಾಗಗಳು. ಹಳೆಯ ಬೀಟಲನ್ನು ಅವನೇ ಹುಡುಕಿ ತರಬೇಕು. ಅಡಿಗಟ್ಟನ್ನು ಅಡ್ಡಲಾಗಿ ಕೊಯ್ದು, ಸುಮಾರು 14 ಅಂಗುಲದಷ್ಟನ್ನು ತೆಗೆದುಹಾಕಿ, ಉಳಿದೆರಡು ತುಂಡುಗಳನ್ನು ವೆಲ್ಡಿಂಗಿನಿಂದ ಬೆಸೆಯಬೇಕು. ಅಡಿಗಟ್ಟಿನ ಮಧ್ಯದಲ್ಲಿ ಹಾದುಹೋಗುವ ಗೇರಿನ ಸರಳನ್ನೂ ಅಷ್ಟೇ ಮೊಟಕುಗೊಳಿಸಬೇಕು. ಕ್ಲಚ್ಚಿನ ತಂತಿ ಸಾಗುವ ಕೊಳವೆಯನ್ನು ಮರೆಯುವಂತಿಲ್ಲ. ಬೆಸುಗೆಯು ಒಂದಿಷ್ಟು ಓರೆಯಾದರೂ ಬಂಡಿಯು ಏಡಿಯ ಹಾಗೆ ಸೊಟ್ಟನಾಗಿ ನಡೆಯುತ್ತದೆ. ಬೆಸುಗೆ ಸಡಿಲವಾದರಂತೂ ಓಡುವಾಗಲೇ ಎರಡಾದೀತು. ಅಳತೆ, ಕೋನ, ಭಾರದ ಹಂಚಿಕೆ - ನಿಮ್ಮ ಗಣಿತ ಭೌತಶಾಸ್ತ್ರಗಳ ಪುಸ್ತಕದಲ್ಲಿ ಇರುವುವು ಇವೇ ಅಲ್ಲವೆ? ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕಗಳು ಹೋಗುತ್ತವೆ, ಅಷ್ಟೆ.

ಹಾಗಾದರೆ ಈ ಬಂಡಿಯು ಅಗ್ಗವಾದುದು ಹೇಗೆ? ಕಾರ್ಖಾನೆಯ ಕೂಲಿಯ ಭಾಗವನ್ನು ಕೊಂಡವನೇ ತನ್ನ ಮೈಯಿಂದ ತೆರುತ್ತಾನೆ. ಹಣದಲ್ಲಿ ಉಳಿದುದನ್ನು ರಾತ್ರಿಗಳಲ್ಲಿ, ತರಚಿದ ಬೆರಳುಗಳಲ್ಲಿ, ಕೆಟ್ಟುಹೋಗಿ ಮತ್ತೆ ಮಾಡಿದ ಬೆಸುಗೆಗಳಲ್ಲಿ ಸಲ್ಲಿಸುತ್ತಾನೆ. ಇದನ್ನು ಲೆಕ್ಕಕ್ಕೆ ಹಿಡಿಯದೆ 'ಹಣವಿದ್ದವರ ಆಟ' ಎಂದುಬಿಟ್ಟೆವಲ್ಲ, ಅದೇ ನಮ್ಮ ಅಪರಾಧ. ಹಣವಿದ್ದವನು ಸಿದ್ಧವಾದುದನ್ನೇ ಕೊಳ್ಳುತ್ತಾನೆ.

ಮುಂದಿನ ಕಥೆಯನ್ನು ಬೇಗನೆ ಹೇಳಿಬಿಡುತ್ತೇವೆ. 1967ರಲ್ಲಿ ಮೇಯರ್ಸನು ಗೆಳೆಯನೊಬ್ಬನೊಡನೆ ಮೆಕ್ಸಿಕೊ ದೇಶದ ಟಿಹುವಾನಾದಿಂದ ಲಾಪಾಸ್‌ವರೆಗಿನ ದುರ್ಗಮವಾದ ದಾರಿಯನ್ನು ಓಲ್ಡ್ ರೆಡ್‌ನಲ್ಲಿ 34 ಗಂಟೆ 45 ನಿಮಿಷಗಳಲ್ಲಿ ಕ್ರಮಿಸಿದನು. ಅದಕ್ಕೆ ಮುಂಚಿನ ದಾಖಲೆಯು ಮೋಟಾರುಸೈಕಲಿನದಾಗಿದ್ದಿತು. ಬಂಡಿಗೆ ಬೇಡಿಕೆ ಏರಿತು. ಬೇಡಿಕೆಯೊಡನೆ ನಕಲು ಮಾಡುವವರೂ ಹುಟ್ಟಿಕೊಂಡರು. ಅವನ ಚಿಪ್ಪಿನಿಂದಲೇ ಅಚ್ಚು ತೆಗೆದು ಮಾರಿದರು. ಮೇಯರ್ಸನು ನ್ಯಾಯಾಲಯಕ್ಕೆ ಹೋದನು. ಅವನ ಪೇಟೆಂಟು ನಿಲ್ಲಲಿಲ್ಲ. 1971ರಲ್ಲಿ ಅವನ ಉದ್ಯಮವು ಮುಚ್ಚಿಹೋಯಿತು. ಪಕ್ಕದವನ ಉತ್ತರಪತ್ರಿಕೆಯತ್ತ ಕಣ್ಣು ಹಾಯಿಸುವ ಕೆಲವರು ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. ಓಲ್ಡ್ ರೆಡ್ 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಮೇಯರ್ಸನು 2021ರಲ್ಲಿ ತೀರಿಕೊಂಡನು.

"ಇದನ್ನೆಲ್ಲ ನಮ್ಮ ಮಕ್ಕಳ ತಲೆಯಲ್ಲಿ ಏಕೆ ತುಂಬುತ್ತೀರಿ?" ಎಂದು ಪಾಲಕರು ಕೇಳಬಹುದು. ಪಾಲಕರ ಸಭೆಯಲ್ಲಿ ಒಬ್ಬ ತಂದೆ ಕೇಳಿಯೂ ಕೇಳಿದರು: "ನಾನು ಹೋಟೆಲಿನಲ್ಲಿ ಲೋಟ ತೊಳೆದದ್ದು ಮಗನ ಕೈಗೆ ಮಸಿ ಹತ್ತದಿರಲೆಂದು, ಮಾಸ್ತರೇ." ಆ ಮಾತಿಗೆ ನಮ್ಮಲ್ಲಿ ಕೂಡಲೆ ಉತ್ತರವಿರಲಿಲ್ಲ. ನಾವೂ ಕನ್ನಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಈ ಮುಂಬಯಿಗೆ ಇಳಿದವರೇ. ಬಿಳಿಯ ಅಂಗಿಯ ಕೆಲಸಕ್ಕಾಗಿ ನಮ್ಮ ತಂದೆಯವರು ಪಟ್ಟ ಆಸೆಯನ್ನು ಅರಿತವರೇ. ಆದರೂ ಹೇಳಬೇಕಾಗಿದೆ. ಬೇರೆ ದಾರಿಯಿಲ್ಲದೆ ಮಸಿಯಾಗುವ ಕೈ ಬೇರೆ, ತಿಳಿಯುವುದಕ್ಕಾಗಿ ಮಸಿಯಾಗುವ ಕೈ ಬೇರೆ. ಮೊದಲನೆಯದರಿಂದ ಮಕ್ಕಳನ್ನು ಕಾಪಾಡಹೊರಟು ಎರಡನೆಯದನ್ನೂ ಕಿತ್ತುಕೊಳ್ಳುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಈ ನಗರಕ್ಕೂ ಅದು ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳು ಬಿಡಿಭಾಗಗಳಾಗಿಯೇ ಹಡಗಿನಲ್ಲಿ ಬಂದು, ನಮ್ಮ ಮಝಗಾಂವಿನಲ್ಲಿ ಮಹೀಂದ್ರ ಸಂಸ್ಥೆಯವರಿಂದ ಜೋಡಣೆಗೊಂಡು ಬೀದಿಗಿಳಿದುವು. ಜೋಡಿಸುವುದರಿಂದ ಆರಂಭಿಸಿದವರು ಕ್ರಮೇಣ ತಯಾರಿಸುವುದನ್ನೂ ಕಲಿತರು.

ಒಂದು ಎಚ್ಚರಿಕೆಯನ್ನು ಮಾತ್ರ ಕೊಡಲೇಬೇಕು. ಅಂದಿನ ಕ್ಯಾಲಿಫೋರ್ನಿಯಾದಂತೆ ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಬಂಡಿಯನ್ನು ಸುಲಭವಾಗಿ ಬೀದಿಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯು ನೋಂದಣಿಯಾದ ಬಂಡಿಯ ಮೂಲರೂಪವನ್ನು ಮನಬಂದಂತೆ ಮಾರ್ಪಡಿಸಗೊಡುವುದಿಲ್ಲ. ನಮ್ಮ ಬೀದಿಗಳ ಜನಸಂದಣಿಯನ್ನು ನೋಡಿದರೆ ಆ ನಿರ್ಬಂಧವು ಸರಿಯೆಂದೇ ತೋರುತ್ತದೆ. ಆದರೆ ಬೀದಿಯಾಚೆಗೆ ಅವಕಾಶಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬನೇ ಕೂರುವ, ಕಲ್ಲುಮುಳ್ಳಿನಲ್ಲಿ ಓಡುವ ಬಂಡಿಯನ್ನು ತಾವೇ ಕಟ್ಟಿ ತಂದು ಸ್ಪರ್ಧಿಸುವ 'ಬಾಹಾ' ಎಂಬ ಪಂದ್ಯವು ಅಮೆರಿಕದಲ್ಲಿ 1976ರಲ್ಲಿ ಆರಂಭವಾಯಿತು. ಭಾರತದಲ್ಲಿ 2008ರಲ್ಲಿ ಇಂದೂರಿನ ಬಳಿಯ ಪೀಥಂಪುರದಲ್ಲಿ ಮೊದಲ ಬಾರಿಗೆ ನಡೆಯಿತು. ಕನ್ನಡದಲ್ಲಿ ಓದಿದವನ ಸ್ಪ್ಯಾನರಿಗೆ ಅಲ್ಲಿ ಯಾರೂ ಮಾಧ್ಯಮವನ್ನು ಕೇಳುವುದಿಲ್ಲ.

ನಮ್ಮ ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ಹಿತೈಷಿಯೊಬ್ಬರು ಬಿಟ್ಟುಹೋದ ಹಳೆಯ ಸ್ಕೂಟರೊಂದಿದೆ. ಅದನ್ನು ಗುಜರಿಗೆ ಕೊಡಬೇಕೆಂದು ಮೊನ್ನೆ ಸೂಚನೆ ಬಂದಿತ್ತು; ಒಂದು ವರ್ಷದ ಮಟ್ಟಿಗೆ ನಮಗೆ ಬಿಡಿರೆಂದು ಮುಖ್ಯಾಧ್ಯಾಪಕರನ್ನು ಬೇಡಿಕೊಂಡಿದ್ದೇವೆ. ಅವರು ಹೌದೆಂದಿಲ್ಲ, ಇಲ್ಲವೆಂದೂ ಇಲ್ಲ. ಚಿತ್ರ ತಂದಿದ್ದ ಹುಡುಗನು ಹತ್ತನೆಯದನ್ನು ಮುಗಿಸಿ ಈಗ ಕುರ್ಲಾದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಹೇಳಿಕಳುಹಿಸಿದೆವು. ಶನಿವಾರ ಮಧ್ಯಾಹ್ನ ಬಿಡುವಾದರೆ ಬರುವೆನೆಂದೂ, ತಾನು ಬರುವವರೆಗೆ ಕಾರ್ಬುರೇಟರಿಗೆ ಯಾರೂ ಕೈಹಾಕಬಾರದೆಂದೂ ಉತ್ತರ ಕಳುಹಿಸಿದ್ದಾನೆ.