ಹುಸೇನಪ್ಪನಿಗೆ ಇಲ್ಲದ ಪ್ರಶ್ನೆ ಯೋಹಾನನಿಗೆ ಯಾಕೆ?

ಕಲಬುರಗಿ ಸೀಮೆಯಲ್ಲಿ ಹುಸೇನಪ್ಪ ಅನ್ನೋ ಹೆಸರಿನ ಹಿಂದೂ ರೈತನನ್ನು ‘ನೀನು ಯಾವ ಧರ್ಮದವ’ ಅಂತ ಯಾರೂ ಕೇಳುವುದಿಲ್ಲ. ಮೊಹರಂನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತ ಅವ್ವ ಮಗನಿಗೆ ಆ ಹೆಸರು ಇಟ್ಟಿರುತ್ತಾಳೆ, ಅಷ್ಟೇ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ, ಅಫಜಲಪುರ ತಾಲ್ಲೂಕಿನಲ್ಲಿ ಗಾಣಗಾಪುರದ ದತ್ತ ಇದ್ದಾನೆ, ಜೇವರ್ಗಿಯಲ್ಲಿ ಷಣ್ಮುಖ ಶಿವಯೋಗಿಗಳ ಮಠ ಇದೆ. ಫಕೀರಪ್ಪ, ದತ್ತಪ್ಪ, ಶರಣಪ್ಪ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವ ನಾಡಿದು. ಯಾವ ದೇವರ ಹೆಸರಾದರೂ ಕೊನೆಗೊಂದು ‘ಅಪ್ಪ’ ಸೇರಿಸಿದರೆ ನಮ್ಮದಾಗುತ್ತದೆ.

ಆದರೆ ಇದೇ ತಾಲ್ಲೂಕುಗಳ ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಯೋಹಾನ, ಎಸ್ತೇರ್, ದಾನಿಯೇಲ್ ಅಂತ ಬಂತೆಂದರೆ ಮಾತಿನ ವರಸೆಯೇ ಬದಲಾಗುತ್ತದೆ. ‘ಇವರು ಯಾರ ಪೈಕಿ? ಯಾವಾಗ ಆದ್ರು? ಎಸ್ಸಿ ಸರ್ಟಿಫಿಕೇಟ್ ಇನ್ನೂ ಇಟ್ಕೊಂಡಾರೇನು?’ ಮಗುವಿಗೆ ಬೈಬಲ್ ಹೆಸರಿಡುವ ತಂದೆತಾಯಿ ಹೆಸರಿನ ಜೊತೆಗೇ ಈ ಮೂರೂ ಪ್ರಶ್ನೆಗಳನ್ನು ಮಗುವಿನ ಕೈಗೆ ಕೊಡುತ್ತಿದ್ದಾರೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಯಾಕೆ ಇಡುತ್ತಾರೆ?

ಮೊದಲ ಕಾರಣ ನಂಬಿಕೆ. ಮಕ್ಕಳಿಲ್ಲದ ಹನ್ನಳು ದೇಗುಲದಲ್ಲಿ ಅತ್ತು ಬೇಡಿ ಪಡೆದ ಮಗ ಸಮುವೇಲ. ವರ್ಷಗಟ್ಟಲೆ ಕಾದು ಮಗು ಪಡೆದ ದಂಪತಿ ಅದಕ್ಕೆ ಸಮುವೇಲ ಅಂತ ಹೆಸರಿಟ್ಟರೆ, ಅದು ಹುಸೇನಪ್ಪನ ಅವ್ವ ಮಾಡಿದ ಕೆಲಸಕ್ಕಿಂತ ಬೇರೆಯಲ್ಲ. ಹರಕೆ ಅದೇ, ದೇವರ ಮನೆ ಮಾತ್ರ ಬೇರೆ.

ಎರಡನೆಯದು ಜಾತಿ. ಈ ಭಾಗದಲ್ಲಿ ಕ್ರೈಸ್ತರಾದವರಲ್ಲಿ ಬಹಳಷ್ಟು ಮಂದಿ ದಲಿತರು. ದುರ್ಗಪ್ಪ, ಮರೆಪ್ಪ, ತಿಪ್ಪವ್ವ ಅನ್ನುವ ಹೆಸರು ಕೇಳುತ್ತಲೇ ಓಣಿಯನ್ನು ಅಂದಾಜು ಮಾಡುವ ಊರಲ್ಲಿ, ರೂತ್ ಅನ್ನೋ ಹೆಸರಿನಿಂದ ಓಣಿ ಗೊತ್ತಾಗುವುದಿಲ್ಲ. ಅದೇ ಓಣಿಯ ಇನ್ನೊಂದು ಮನೆಯವರು ಅಂಬೇಡ್ಕರ್ ದಾರಿ ಹಿಡಿದು ಮಗನಿಗೆ ಸಿದ್ಧಾರ್ಥ ಅಂತ ಹೆಸರಿಡುವುದೂ ಇಂಥದೇ ಆಸೆಯಿಂದ. ಹಳೆಯ ಹೆಸರಿನ ಜೊತೆ ಹಳೆಯ ಅವಮಾನವನ್ನೂ ಬಿಡಬೇಕು ಅನ್ನುವ ಆಸೆ ಅದು.

ಇಲ್ಲಿಂದ ಮುಂದೆ ಕಾನೂನು ಈ ಇಬ್ಬರು ಮಕ್ಕಳನ್ನು ಬೇರೆ ಬೇರೆ ಮಾಡುತ್ತದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೇ ಪ್ಯಾರಾ ಮೊದಲು ಹಿಂದೂಗಳನ್ನು ಮಾತ್ರ ಪರಿಶಿಷ್ಟ ಜಾತಿ ಅಂತ ಒಪ್ಪಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಮತ್ತು ಮುಸ್ಲಿಮರು ಇಂದಿಗೂ ಹೊರಗಿದ್ದಾರೆ. ಪರಿಶಿಷ್ಟ ಪಂಗಡಗಳಿಗೆ ಇಂಥ ಧರ್ಮದ ಷರತ್ತೇ ಇಲ್ಲ. ಬೌದ್ಧನಾದ ಸಿದ್ಧಾರ್ಥ ಪರಿಶಿಷ್ಟ ಜಾತಿಯವನಾಗಿಯೇ ಉಳಿಯುತ್ತಾನೆ. ಕ್ರೈಸ್ತನಾದ ಯೋಹಾನ ಕರ್ನಾಟಕದಲ್ಲಿ ಪ್ರವರ್ಗ 1ಕ್ಕೆ ಹೋಗುತ್ತಾನೆ. ಅಲ್ಲಿ ಹತ್ತಾರು ಸಮುದಾಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಶೇ 4. ಪರಿಶಿಷ್ಟ ಜಾತಿಯ ಪಾಲು ಇದರ ಸುಮಾರು ನಾಲ್ಕು ಪಟ್ಟು. ಜಾತಿ ಹೆಸರಲ್ಲಿ ಹೊಡೆತ ತಿಂದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಸಿಗುವುದಿಲ್ಲ. ಅಫಜಲಪುರ ಮತ್ತು ಜೇವರ್ಗಿ ಸೇರಿರುವ ಕಲಬುರಗಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಯೋಹಾನ ಅಲ್ಲಿ ಮತ ಹಾಕಬಹುದು, ಸ್ಪರ್ಧಿಸುವಂತಿಲ್ಲ. ಊರಿನವರು ಮಾತ್ರ ಇಬ್ಬರನ್ನೂ ಮೊದಲಿನ ಓಣಿಯವರು ಅಂತಲೇ ನೋಡುತ್ತಾರೆ.

ಹಾಗಾಗಿಯೇ ದಲಿತ ಕ್ರೈಸ್ತರಲ್ಲಿ ಎರಡು ಹೆಸರಿನ ಬದುಕು ಬೆಳೆದಿದೆ. ಪ್ರಾರ್ಥನೆಗೆ ಹೋದಾಗ ಯೋಹಾನ, ಶಾಲೆ ದಾಖಲೆಯಲ್ಲಿ ಶರಣಪ್ಪ. ಇದನ್ನು ‘ಮೋಸ’ ಅನ್ನುವವರು ಇದ್ದಾರೆ. ಆದರೆ ಎರಡು ಹೆಸರು ಯಾರಿಗೂ ಸುಖ ಕೊಡಲ್ಲ. ಜನನ ಪ್ರಮಾಣಪತ್ರ, ಆಧಾರ್, ಟಿಸಿ, ಮತದಾರರ ಪಟ್ಟಿ ಒಂದಕ್ಕೊಂದು ತಾಳೆಯಾಗದಿದ್ದರೆ ಏನಾಗುತ್ತದೆ ಅಂತ ಆಳಂದದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಚುನಾವಣೆಗೂ ಮುನ್ನ ಆ ಕ್ಷೇತ್ರದಲ್ಲಿ ಹೆಸರು ಅಳಿಸಲು 6,018 ಅರ್ಜಿ ಬಂದವು, ಪರಿಶೀಲಿಸಿದರೆ ಸರಿ ಇದ್ದದ್ದು 24 ಮಾತ್ರ. ಅಲ್ಲಿ ಯಾರ ದಾಖಲೆಯೂ ತಪ್ಪಿರಲಿಲ್ಲ, ಆದರೂ ಹೆಸರಿಗೆ ಕುತ್ತು ಬಂತು. ಎರಡು ಹೆಸರಿನವರ ಪಾಡು ಹೇಗಿರಬೇಡ?

ಹೆಸರು ಮುಚ್ಚಿಟ್ಟರೆ ಬಚಾವ್ ಅನ್ನುವುದೂ ಸುಳ್ಳು. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಪುದುಚೇರಿಯ ಸೆಲ್ವರಾಣಿ ಅವರ ಅರ್ಜಿ ವಜಾ ಮಾಡಿತು. ಅವರ ಹೆಸರು ಅಚ್ಚ ತಮಿಳು. ಕೋರ್ಟ್ ನೋಡಿದ್ದು ಜ್ಞಾನಸ್ನಾನ ಆಗಿತ್ತು, ಚರ್ಚಿಗೆ ಹೋಗುತ್ತಿದ್ದರು ಅನ್ನುವುದನ್ನು. ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂದಿತು. ಅದಕ್ಕೂ ಮುಂಚೆ, 2023ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ, ಮನೆಯಲ್ಲಿ ಯೇಸುವಿನ ಚಿತ್ರ ಇದ್ದ ಮಾತ್ರಕ್ಕೆ ಮತಾಂತರ ಆಗಿದೆ ಅನ್ನಲಾಗದು ಎಂದಿತ್ತು. ಚಿತ್ರವೇ ಸಾಕ್ಷಿಯಲ್ಲ ಎಂದಾದರೆ ಹೆಸರು ಹೇಗೆ ಸಾಕ್ಷಿಯಾದೀತು? ಗ್ರಾಮ ಆಡಳಿತಾಧಿಕಾರಿ ವರದಿ ಬರೆಯುವಾಗ ಹುಸೇನಪ್ಪನ ಹೆಸರು ನೋಡಿ ಮುಸ್ಲಿಂ ಅಂತ ಬರೆಯಲ್ಲವಲ್ಲ.

ಇದರಲ್ಲಿ ಚರ್ಚುಗಳ ಪಾಲೂ ಇದೆ. ಹೆಸರು ಬದಲಿಸಿದರೇ ಪೂರ್ತಿ ವಿಶ್ವಾಸಿ ಅನ್ನುವ ಒತ್ತಡ ಕೆಲವು ಪಾಸ್ಟರ್‌ಗಳಿಂದ ಬರುತ್ತದೆ. ಅಂಥ ಕಡ್ಡಾಯ ಇಲ್ಲ. ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಸಂಹಿತೆ ಕೂಡ, ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು ಅನ್ನುತ್ತದೆಯೇ ಹೊರತು ಸಂತರ ಹೆಸರೇ ಬೇಕು ಅನ್ನುವುದಿಲ್ಲ. ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿಕೊಟ್ಟ ರೆವರೆಂಡ್ ಉತ್ತಂಗಿ ಚನ್ನಪ್ಪನವರ ತಂದೆಯ ಹೆಸರು ದಾನಿಯೇಲಪ್ಪ. ಅಪ್ಪನದು ಬೈಬಲ್ ಹೆಸರು, ಮಗನದು ಊರ ಹೆಸರು, ಇಬ್ಬರೂ ಕ್ರೈಸ್ತರು. ಆ ಚನ್ನಪ್ಪನವರೇ 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಆಗ ನಾಡು ಅವರ ಹೆಸರಿನಲ್ಲಿ ಧರ್ಮ ಹುಡುಕಲು ಕೂರಲಿಲ್ಲ.

ಈಗ ಹುಡುಕುತ್ತಿದ್ದೇವೆ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಗುವ ಮುನ್ನ ‘ಕುರುಬ ಕ್ರಿಶ್ಚಿಯನ್’, ‘ಒಕ್ಕಲಿಗ ಕ್ರಿಶ್ಚಿಯನ್’ ಥರದ ಹೆಸರುಗಳ ಮೇಲೆ ಗದ್ದಲ ಎದ್ದಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಆಯೋಗ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿತು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಎಂದಿತು. ಇಂಜಿನಿಯರಿಂಗ್ ಓದಿದ ನನಗೆ ಡ್ರಾಪ್‌ಡೌನ್ ಪಟ್ಟಿಯ ಗುಣ ಗೊತ್ತು. ಪಟ್ಟಿಯಲ್ಲಿ ಇಲ್ಲದ್ದನ್ನು ಹೆಚ್ಚಿನವರು ಬರೆಸುವುದಿಲ್ಲ, ಬರೆದುಕೊಳ್ಳುವವರು ಹತ್ತು ಕಾಗುಣಿತದಲ್ಲಿ ಬರೆಯುತ್ತಾರೆ. ಪಟ್ಟಿಯಿಂದ ಹೋದದ್ದು ಲೆಕ್ಕದಿಂದ ಹೋಗುತ್ತದೆ, ಊರಿಂದ ಹೋಗುವುದಿಲ್ಲ.

ವಿರೋಧಿಸುವವರ ಮಾತಿನಲ್ಲೂ ತೂಕ ಇದೆ. ಅಲ್ಪಸಂಖ್ಯಾತರ ಸವಲತ್ತು, ಪರಿಶಿಷ್ಟರ ಮೀಸಲಾತಿ ಎರಡೂ ಒಬ್ಬರಿಗೇ ಯಾಕೆ ಅನ್ನುತ್ತಾರೆ. ಒಳಮೀಸಲಾತಿಗಾಗಿ ಮೂರು ದಶಕ ಬೀದಿಯಲ್ಲಿ ಕೂತ ಮಾದಿಗರಿಗೆ ತಮ್ಮ ಪಾಲು ಮತ್ತೆ ಕರಗುವ ಭಯ ಇದ್ದರೆ ಅದು ನಿಜವಾದ ಭಯ. ಅದಕ್ಕೆ ಉತ್ತರ ಸಿಗುವುದು ಲೆಕ್ಕದಿಂದ. ಎಷ್ಟು ಜನ, ಎಷ್ಟು ಓದಿದ್ದಾರೆ, ಯಾವ ಕೆಲಸ, ಎಷ್ಟು ಭೂಮಿ ಅಂತ ತಿಳಿದರೆ ಬೇರೆ ಪಾಲು ಕೊಡುವುದೋ, ಪ್ರಮಾಣ ಹೆಚ್ಚಿಸುವುದೋ ಚರ್ಚೆ ಮಾಡಬಹುದು. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಮೂರನೇ ಪ್ಯಾರಾ ತೆಗೆಯಿರಿ ಎಂದಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿ, ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದಿತು.

ದಿಲ್ಲಿ ತೀರ್ಮಾನಿಸುವವರೆಗೂ ರಾಜ್ಯ ಸರ್ಕಾರ ಸುಮ್ಮನಿರಬೇಕಿಲ್ಲ. ಹೆಸರು ನೋಡಿ ಜಾತಿ ಪ್ರಮಾಣಪತ್ರ ತಡೆಯಬಾರದು ಅಂತ ತಹಶೀಲ್ದಾರ್‌ಗಳಿಗೆ ಒಂದು ಸುತ್ತೋಲೆ ಕಳಿಸಬಹುದು. ಸಮೀಕ್ಷೆಯಲ್ಲಿ ಜನ ತಾವಾಗಿ ಹೇಳಿಕೊಂಡ ದಲಿತ ಕ್ರೈಸ್ತರ ಅಂಕಿಅಂಶವನ್ನು ಮುಚ್ಚಿಡದೆ ಪ್ರಕಟಿಸಬಹುದು. ಇವೆರಡಕ್ಕೂ ಸಂವಿಧಾನ ತಿದ್ದಬೇಕಾಗಿಲ್ಲ.

ಮಗುವಿನ ಹೆಸರನ್ನು ಜನನ ನೋಂದಣಿಯಲ್ಲಿ ಸೇರಿಸಲು ನಿಯಮ 15 ವರ್ಷ ಸಮಯ ಕೊಡುತ್ತದೆ. ಅಷ್ಟು ವರ್ಷ ಕಾದರೂ ಯೋಹಾನ ಅನ್ನಲೋ ಶರಣಪ್ಪ ಅನ್ನಲೋ ಅಂತ ಅಪ್ಪ ಅವ್ವ ನಾಡಕಚೇರಿ ಮುಂದೆ ಲೆಕ್ಕ ಹಾಕುತ್ತಾ ನಿಲ್ಲಬೇಕಾದರೆ, ಆ ಹೆಸರನ್ನು ಆರಿಸಿದವರು ಅವರು ಅನ್ನಲು ನನಗಂತೂ ಆಗುವುದಿಲ್ಲ.