ಮೊಂಡು ಬಿಟ್ಟಿನಿಂದ ಮೂಳೆ ಕೊರೆಯಬೇಡಿ

ಚುಂಚನಕಟ್ಟೆ ಕಡೆ ಕಾಲು ಮುರಿಯೋದಕ್ಕೆ ಕಾರಣಗಳಿಗೆ ಬರವಿಲ್ಲ. ಕಬ್ಬಿನ ಟ್ರ್ಯಾಕ್ಟರು, ಕತ್ತಲಲ್ಲಿ ಗಾಡಿಗೆ ಗುದ್ದುವ ಬೈಕು, ಸಂಕ್ರಾಂತಿ ಆಸುಪಾಸಿನ ದನಗಳ ಜಾತ್ರೆಯಲ್ಲಿ ಬೆದರಿದ ಹೋರಿ. ಮುರಿದ ಮೇಲೆ ಇರುವುದು ಎರಡೇ ದಾರಿ: ಬಿದಿರು ದಬ್ಬೆ ಕಟ್ಟುವವರ ಮನೆ, ಇಲ್ಲವೇ ಮೈಸೂರು. 'ಅಲ್ಲಿ ಮೂಳೆಗೆ ತೂತು ಹೊಡೀತಾರಂತೆ' ಎಂಬ ಹೆದರಿಕೆಗೇ ದಬ್ಬೆಗೆ ಒಪ್ಪುವವರುಂಟು. ದಬ್ಬೆ ಬಿಗಿಯಾದರೆ ರಕ್ತ ನಿಂತು ಕಾಲೇ ಹೋಗಬಹುದು.

ತೂತು ಹೊಡೆಯುವುದು ನಿಜ. ಪ್ಲೇಟು ನಿಲ್ಲಬೇಕಾದರೆ ಸ್ಕ್ರೂ ಬೇಕು, 4.5 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ಬಿಟ್ಟು. ಇದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಬಿಟ್ಟು ಮೊಂಡಾದಾಗ.

ನಮ್ಮೂರ ಬಡಗಿಯನ್ನೇ ಕೇಳಿ. ಬೈರಿಗೆ ಮೊಂಡಾದರೆ ಮರ ಕೊರೆಯೋದಿಲ್ಲ, ಸುಡುತ್ತೆ, ಹೊಗೆ ಬರುತ್ತೆ. ಮೂಳೆಯೂ ಹಾಗೇ, ಹೊಗೆ ಮಾತ್ರ ಕಾಣೋದಿಲ್ಲ. 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದರು: 47 ಡಿಗ್ರಿ ಕಾವು ಒಂದು ನಿಮಿಷ ತಗುಲಿದರೆ ಸಾಕು, ಮೂಳೆಗೆ ಏಟು. ನಮ್ಮ ಮೈಯ ಕಾವೇ 37. ಅಂತರ ಬರೀ ಹತ್ತು ಡಿಗ್ರಿ! ಸುಟ್ಟ ಮೂಳೆ ಸ್ಕ್ರೂ ಹಿಡಿಯೋದಿಲ್ಲ; ಸಡಿಲವಾಗುತ್ತೆ, ಕೆಲವೊಮ್ಮೆ ಕೀವೂ ಆಗುತ್ತೆ. ಆಮೇಲೆ ಇನ್ನೊಂದು ಆಪರೇಷನ್. ಆ ಖರ್ಚಿಗೆ ರೈತ ಕಟ್ಟಿದ ಹಸುವನ್ನೇ ಮಾರಬೇಕು.

ಇನ್ನೊಂದು ಅಪಾಯವೂ ಇದೆ. ಮೊಂಡು ಬಿಟ್ಟನ್ನು ಒತ್ತಿ ಒತ್ತಿ ತಳ್ಳುವಾಗ ಅದು ಆಚೆ ಬದಿಗೆ ದಿಢೀರನೆ ನುಗ್ಗಿ ರಕ್ತನಾಳವನ್ನೋ ನರವನ್ನೋ ಕಡಿಯಬಹುದು.

ಇದಕ್ಕೆ ಕೋಟಿ ಬೇಕಿಲ್ಲ. ಚೂಪಾದ ಬಿಟ್ಟು, ಕೊರೆಯುವಾಗ ಸುರಿಯಲು ತಣ್ಣನೆಯ ಸಲೈನು, ಆಳ ಮೀರದಂತೆ ತಡೆಯುವ ಒಂದು ಸ್ಟಾಪರು, ಅಷ್ಟೇ. ಕ್ವಾರಿಯಲ್ಲಿ ಕಲ್ಲು ಕೊರೆಯುವವನೂ ನೀರು ಹಾಕ್ತಾನೆ. ಮನುಷ್ಯನ ಮೂಳೆ ಕಲ್ಲಿಗಿಂತ ಕಡೆಯೇ?

ಅಂಗಡಿಯ ಡ್ರಿಲ್ಲು ಬಳಸಿದರೆ ಕೂಡಲೇ ಮಹಾಪರಾಧ ಅಂತಲೂ ನಾವು ಹೇಳೋದಿಲ್ಲ. ಉಗಾಂಡದಲ್ಲಿ ಅಂಥದೇ ಡ್ರಿಲ್ಲಿಗೆ ಕುದಿಹಬೆಯಲ್ಲಿ ಶುದ್ಧಿ ಮಾಡಿದ ಚೀಲ ತೊಡಿಸಿ ಆಪರೇಷನ್ ನಡೆಸಿದ್ದಾರೆ, ಚೀಲ ಮಾಡಿಕೊಟ್ಟವರು ಕೆನಡಾದ ಎಂಜಿನಿಯರುಗಳು. ಚೀಲವೂ ಇಲ್ಲ, ಬಿಟ್ಟಿನ ಲೆಕ್ಕವೂ ಇಲ್ಲ ಅಂದರೆ ಮಾತ್ರ ಸಹಿಸಲಾಗದು.

2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ ವೈದ್ಯಕೀಯ ಉಪಕರಣಗಳನ್ನೆಲ್ಲ ಔಷಧ ಕಾಯಿದೆಯಡಿ ತಂದಿತು. ಒಳ್ಳೇದೇ. ಆದರೆ ಒಂದು ಬಿಟ್ಟು ಎಷ್ಟು ಮೂಳೆ ಕೊರೆದಿದೆ ಅಂತ ಬರೆದಿಡುವವರು ಯಾರು? ಟ್ರ್ಯಾಕ್ಟರಿನ ಆಯಿಲ್ ಬದಲಿಸಿದ ದಿನ ನಮ್ಮ ರೈತ ಗೋಡೆ ಮೇಲೆ ಗೀಚಿಡ್ತಾನೆ.

ಖಾಸಗಿ ನರ್ಸಿಂಗ್ ಹೋಮುಗಳ ನೋಂದಣಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ. ನವೀಕರಣಕ್ಕೆ ಬಂದಾಗ ಬಿಟ್ಟುಗಳ ಪುಸ್ತಕವನ್ನೂ ಕೇಳಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೊಸ ಬಿಟ್ಟು ತರಿಸಲಿ. ಮುಂದಿನ ಜಾತ್ರೆಯೊಳಗೆ ಇಷ್ಟಾದರೂ ಆಗಲಿ.